ಮನೆಯ ಸೈಟಿನಲ್ಲಿ ಕಾರಿನ ಪಾಲು

ಶ್ರೋತೃಗಳಿಗೆ ನಮಸ್ಕಾರ. ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸುವವರು ನಕ್ಷೆ ಹಾಕಿಸಲು ಕುಳಿತಾಗ, ಅಡುಗೆಮನೆ ಎಲ್ಲಿರಬೇಕೆಂಬುದಕ್ಕಿಂತ ಮೊದಲು ಕಾರು ಎಲ್ಲಿ ನಿಲ್ಲಬೇಕೆಂದು ವಿಚಾರಿಸುತ್ತಾರೆ. ಕಾರಿನ್ನೂ ಬಂದಿರುವುದಿಲ್ಲ, ಅದರ ಜಾಗ ಮಾತ್ರ ಮೀಸಲಾಗಿರುತ್ತದೆ. ಸಣ್ಣ ಕಾರಿಗೂ 8 ಅಡಿ ಅಗಲ, 16 ಅಡಿ ಉದ್ದ, ಅಂದರೆ 128 ಚದರಡಿ ಬೇಕು. 30x40ರ ಸೈಟಿನ 1,200 ಚದರಡಿಯಲ್ಲಿ ಇದು ಹೆಚ್ಚುಕಡಿಮೆ ಒಂಬತ್ತರಲ್ಲೊಂದು ಪಾಲು. ಸುತ್ತ ಬಿಡಬೇಕಾದ ಜಾಗವನ್ನೂ ಮೆಟ್ಟಿಲನ್ನೂ ಕಳೆದರೆ, ನೆಲಮಹಡಿಯಲ್ಲಿ ಒಂದು ಕೋಣೆಯೇ ಹೋಯಿತೆಂದು ತಿಳಿಯಬೇಕು.

ಇನ್ನು ಕಂತಿನ ಮಾತು. ಬಡ್ಡಿ ಶೇಕಡಾ 9 ಎಂದಿಟ್ಟುಕೊಂಡರೆ, 8 ಲಕ್ಷ ರೂಪಾಯಿಯ ಕಾರಿನ ಸಾಲವನ್ನು 7 ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 12,900 ರೂಪಾಯಿ ಕಟ್ಟಬೇಕಾಗುತ್ತದೆ. ಅದೇ ಬಡ್ಡಿಯಲ್ಲಿ 20 ವರ್ಷದ ಅವಧಿಗೆ 14 ಲಕ್ಷದ ಗೃಹಸಾಲ ಪಡೆದರೆ ಕಂತು ಸುಮಾರು 12,600. ಗೃಹಸಾಲ ಬಹುಕಾಲ ಬೆನ್ನ ಮೇಲಿರುತ್ತದೆ, ಒಟ್ಟು ಬಡ್ಡಿಯೂ ಹೆಚ್ಚು, ನಿಜ. ಆದರೆ ವಿಮೆಯವರ ಲೆಕ್ಕದಲ್ಲಿ ನಾಲ್ಕು ವರ್ಷ ದಾಟಿದ ಕಾರಿನ ಬೆಲೆಯಲ್ಲಿ ಅರ್ಧ ಕಳೆದಿರುತ್ತದೆ, ಸಾಲದ ಕಂತುಗಳು ಮಾತ್ರ ಇನ್ನೂ ಉಳಿದಿರುತ್ತವೆ. ಪೆಟ್ರೋಲು, ಸರ್ವಿಸು, ಟೈರುಗಳನ್ನು ನಾನಿಲ್ಲಿ ಸೇರಿಸಿಯೇ ಇಲ್ಲ.

ಕಾರಿಲ್ಲದೆ ಬದುಕು ಸಾಗುವುದೇ ಎಂದು ಕೇಳುವವರಿಗೆ, ಮನೆ ಎಲ್ಲಿದೆ ಎಂದು ನಾನು ತಿರುಗಿ ಕೇಳುತ್ತೇನೆ. ಪಿ.ಜೆ. ಬಡಾವಣೆಯ ಆಸುಪಾಸಿನಲ್ಲಿ ಬಾಡಿಗೆಗಿರುವವರಿಗೆ ಶಾಲೆ, ಅಂಗಡಿ, ಆಸ್ಪತ್ರೆ ನಡಿಗೆಯಲ್ಲೇ ಸಿಗುತ್ತವೆ. ಅಗ್ಗವೆಂದು ಊರಾಚೆ ಸೈಟು ಹಿಡಿದವರಿಗೆ ಹಾಲು ತರಲೂ ಗಾಡಿ ಬೇಕು; ಅಲ್ಲಿ ಸೈಟಿನಲ್ಲಿ ಉಳಿದ ಹಣವನ್ನು ರಸ್ತೆಯ ಮೇಲೆ ಕಂತುಕಂತಾಗಿ ಸುರಿಯಬೇಕಾಗುತ್ತದೆ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲದಿರುವುದೂ ಈ ಲೆಕ್ಕಕ್ಕೆ ಸೇರಬೇಕು. ದಿನವೂ ಚನ್ನಗಿರಿ ಕಡೆಯ ತೋಟಕ್ಕೆ ಹೋಗಿಬರುವವರಿಗೆ ಕಾರು ಬೇಡವೆನ್ನಲು ನನಗೆ ಬಾಯಿ ಬಾರದು. ಆದರೆ ಸಂಬಂಧ ಕುದುರಿಸುವಾಗ 'ಕಾರು ಐತೇನು?' ಎಂದು ಕೇಳುತ್ತಾರೆಂಬ ಕಾರಣಕ್ಕೇ ಕೊಳ್ಳುವವರ ವಿಷಯ ಬೇರೆ.

ನಮ್ಮ ಮನೆಯ ನಕ್ಷೆಯಲ್ಲೂ ಮೊದಲು ಪೋರ್ಟಿಕೋ ಇತ್ತು, ತಾಯಿಯವರ ಕೋಣೆ ಮಹಡಿಯ ಮೇಲಿತ್ತು. ಅವರಿಗೆ ಮಂಡಿನೋವು, ಮೆಟ್ಟಿಲು ಹತ್ತಲಾಗದು. ನಕ್ಷೆ ತಿದ್ದಿಸಿದೆವು. ಕಾರು ನಿಲ್ಲಬೇಕಾಗಿದ್ದ ಜಾಗದಲ್ಲಿ ಈಗ ಅವರ ಮಂಚವಿದೆ. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗುವ ದಿನ ಬಾಡಿಗೆ ಕಾರು ಬಾಗಿಲಿಗೇ ಬರುತ್ತದೆ.