ಸೈಕಲ್ ವ್ಯಾಪಾರದ ವಿಡಿಯೊಗಳು ಯಾರಿಗಾಗಿ?

ನಮಸ್ಕಾರ. ಸೈಕಲ್ ವ್ಯಾಪಾರದಲ್ಲಿರುವವರು ಯೂಟ್ಯೂಬ್‌ಗೂ ಇನ್‌ಸ್ಟಾಗ್ರಾಂಗೂ ಹಾಕುವ ವಿಡಿಯೊಗಳ ಬಗ್ಗೆ ನನ್ನ ಅಭಿಪ್ರಾಯವನ್ನು ಇಂದು ನಿಮ್ಮ ಮುಂದಿಡುತ್ತೇನೆ. ಅಂಗಡಿ ನಡೆಸುವವರು, ರಿಪೇರಿ ಮಾಡುವವರು, ಬಾಡಿಗೆಗೆ ಕೊಡುವವರು, ಎಲೆಕ್ಟ್ರಿಕ್ ಸೈಕಲ್ ತಯಾರಿಸುವವರು ಎಲ್ಲರೂ ಈಗ ವಿಡಿಯೊ ಮಾಡುತ್ತಿದ್ದಾರೆ, ಮಾಡಲೇಬೇಕು ಕೂಡ. ಆದರೆ ಅವುಗಳಲ್ಲಿ ಬಹುಪಾಲು ಒಂದೇ ಅಚ್ಚಿನವು. ಬೆಟ್ಟದ ಇಳಿಜಾರಿನಲ್ಲಿ ಧುಮುಕುವ ಸವಾರ, ಮೈಗಂಟಿದ ಉಡುಪು, ಅಬ್ಬರದ ಸಂಗೀತ, ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಾಗುವ ದೃಶ್ಯ. ಮನೆಯಿಂದ ಕಚೇರಿಗೋ ಕಾಲೇಜಿಗೋ ಮಾರುಕಟ್ಟೆಗೋ ಹೋಗಿಬರಲು ಒಂದು ಸೈಕಲ್ ಕೊಳ್ಳಲೇ ಬೇಡವೇ ಎಂದು ತೂಗಿ ನೋಡುತ್ತಿರುವ ನಗರವಾಸಿಗೆ ಅದನ್ನು ಕಂಡಾಗ, ಇದು ನಮ್ಮಂಥವರಿಗಲ್ಲ ಎನಿಸುತ್ತದೆ. ವ್ಯಾಪಾರ ಬೆಳೆಯಬೇಕಾದರೆ ಅಂಗಡಿಯ ಮೆಟ್ಟಿಲು ಹತ್ತಬೇಕಾದವರು ಅವರೇ. ಸೈಕಲ್ ವ್ಯಾಪಾರದ ವಿಡಿಯೊ ಮೊದಲು ಅವರ ಅನುಮಾನಗಳಿಗೆ ಉತ್ತರ ಕೊಡಬೇಕು ಎಂಬುದು ನನ್ನ ದೃಢವಾದ ನಂಬಿಕೆ.

ಆ ಅನುಮಾನಗಳು ಎಲ್ಲ ಊರುಗಳಲ್ಲೂ ಹೆಚ್ಚುಕಡಿಮೆ ಒಂದೇ. ಬೆವರಿ ತೊಯ್ದು ಹೋಗಿ ಸಭೆಯಲ್ಲಿ ಕೂರುವುದು ಹೇಗೆ? ಮಳೆ ಬಂದರೆ ಏನು ಗತಿ? ಪ್ಯಾಂಟಿನ ಅಂಚು ಚೈನಿಗೆ ಸಿಕ್ಕಿಕೊಂಡರೆ? ಲ್ಯಾಪ್‌ಟಾಪ್ ಎಲ್ಲಿಡಬೇಕು? ಚಿಕ್ಕಂದಿನಲ್ಲಿ ಬಿಟ್ಟ ಸೈಕಲನ್ನು ಈ ವಯಸ್ಸಿನಲ್ಲಿ ಮತ್ತೆ ತುಳಿಯಲಾದೀತೇ? ಇವುಗಳಲ್ಲಿ ಅನೇಕಕ್ಕೆ ಉತ್ತರ ಸೈಕಲ್ಲಿನ ಮೇಲೆಯೇ ಇದೆ: ಮಡ್‌ಗಾರ್ಡ್, ಚೈನ್‌ಕವರ್, ಕ್ಯಾರಿಯರ್, ಸ್ಟ್ಯಾಂಡ್, ಮುಂದೆ ಹಿಂದೆ ದೀಪ. ವಿಚಿತ್ರವೆಂದರೆ ಪ್ರಚಾರದ ವಿಡಿಯೊಗಳಲ್ಲಿ ಕಾಣುವ ಸೈಕಲ್ಲುಗಳಿಗೆ ಇವು ಯಾವುವೂ ಇರುವುದಿಲ್ಲ, ಏಕೆಂದರೆ ಅವಿಲ್ಲದಿದ್ದರೆ ಸೈಕಲ್ ಹಗುರವಾಗಿ, ಚುರುಕಾಗಿ ಕಾಣುತ್ತದೆ. ಒಂದೇ ನೀರುಗುಂಡಿಯ ಮೇಲೆ ಒಮ್ಮೆ ಮಡ್‌ಗಾರ್ಡ್ ಇಲ್ಲದ ಸೈಕಲನ್ನೂ ಇನ್ನೊಮ್ಮೆ ಅದಿರುವ ಸೈಕಲನ್ನೂ ಓಡಿಸಿ, ಎರಡು ಸಲವೂ ಸವಾರರ ಅಂಗಿಯ ಬೆನ್ನನ್ನು ಕ್ಯಾಮೆರಾಕ್ಕೆ ತೋರಿಸಿದರೆ ಸಾಕು. ಕೆಸರಿನ ಪಟ್ಟೆ ಸೊಂಟದಿಂದ ಕುತ್ತಿಗೆಯವರೆಗೆ ಎದ್ದಿರುವ ಅಂಗಿಯನ್ನು ಕಂಡವರಿಗೆ ಮಡ್‌ಗಾರ್ಡ್ ಏಕೆ ಬೇಕೆಂದು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಬೆವರಿನ ಪ್ರಶ್ನೆಗೆ ಉತ್ತರ ವೇಗದಲ್ಲಿದೆ. ನಗರದೊಳಗೆ ಗಂಟೆಗೆ 15 ಕಿಲೋಮೀಟರ್ ಎಂದರೆ ಪಕ್ಕದಲ್ಲಿರುವವರೊಡನೆ ಮಾತನಾಡಿಕೊಂಡು ಹೋಗಬಹುದಾದ ನಿಧಾನದ ವೇಗ, ಮತ್ತು ಆ ವೇಗದಲ್ಲಿ 5 ಕಿಲೋಮೀಟರ್ ಕ್ರಮಿಸಲು 20 ನಿಮಿಷ ಸಾಕು. ವೇಗ ಹೆಚ್ಚಿದಂತೆ ಗಾಳಿಯ ಪ್ರತಿರೋಧ ಅದಕ್ಕಿಂತ ಬಹಳ ಬೇಗ ಏರುವುದರಿಂದ, ಸ್ವಲ್ಪವೇ ಆತುರಪಟ್ಟರೂ ಮೈ ಬೇಗ ಬಿಸಿಯಾಗುತ್ತದೆ. ಇದನ್ನು ಮಾತಿನಲ್ಲಿ ಹೇಳುವುದಕ್ಕಿಂತ ಆ 20 ನಿಮಿಷದ ಸವಾರಿಯನ್ನು ಒಂದೂ ಕತ್ತರಿಯಿಲ್ಲದೆ ತೋರಿಸುವುದು ಹೆಚ್ಚು ಪರಿಣಾಮಕಾರಿ. ಇಡೀ ಪ್ರಯಾಣ ಯಾರು ನೋಡುತ್ತಾರೆ ಎಂದು ಕೇಳುವವರಿದ್ದಾರೆ. ನೆದರ್ಲೆಂಡ್ಸ್‌ನ ಮಾರ್ಕ್ ವಾಗೆನ್‌ಬ್ಯೂರ್ ಅವರು 'ಬೈಸಿಕಲ್ ಡಚ್' ಎಂಬ ಹೆಸರಿನಲ್ಲಿ ವರ್ಷಗಳಿಂದ ಹಾಕುತ್ತಿರುವ ವಿಡಿಯೊಗಳಲ್ಲಿ ಜನ ಮಾಮೂಲಿ ಉಡುಪಿನಲ್ಲಿ ಕೆಲಸಕ್ಕೆ, ಶಾಲೆಗೆ, ರೈಲು ನಿಲ್ದಾಣಕ್ಕೆ ಹೋಗುವುದೇ ಮುಖ್ಯ ವಿಷಯ. ಸುಮಾರು 12,500 ಸೈಕಲ್ ನಿಲ್ಲಿಸಲು ಜಾಗವಿರುವ ಉಟ್ರೆಕ್ಟ್ ನಿಲ್ದಾಣದ ಸೈಕಲ್ ಪಾರ್ಕಿಂಗ್ ಆಗಲಿ, ಒಂದು ವೃತ್ತವನ್ನು ಬಳಸಿಕೊಂಡು ಹೋಗುವ ಸೈಕಲ್ ದಾರಿಯಾಗಲಿ, ಅವನ್ನು ಸಮಾಧಾನದಿಂದ ತೋರಿಸುವ ವಿಡಿಯೊಗಳಿಗೆ ಬೇರೆ ಬೇರೆ ದೇಶಗಳಲ್ಲಿ ಪ್ರೇಕ್ಷಕರಿದ್ದಾರೆ. ತಾವೂ ಮಾಡಬಹುದಾದ ಕೆಲಸವನ್ನು ತಮ್ಮಂಥವರೇ ಮಾಡುತ್ತಿರುವುದನ್ನು ನೋಡಲು ಜನರಿಗೆ ಆಸಕ್ತಿಯಿದೆ.

ಚಿತ್ರೀಕರಣದ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ಹ್ಯಾಂಡಲ್‌ಗೆ ಕಟ್ಟಿದ ಕ್ಯಾಮೆರಾ ರಸ್ತೆಯ ಪ್ರತಿಯೊಂದು ನಡುಕವನ್ನೂ ಹಿಡಿಯುತ್ತದೆ. ಎದೆಗೆ ಕಟ್ಟಿದ್ದು ಸವಾರರ ಕೈಗಳನ್ನೂ ಬ್ರೇಕನ್ನೂ ಒಳಗೊಂಡು, ಕುಳಿತವರ ಕಣ್ಣಿಗೆ ಕಾಣುವಂತೆಯೇ ದಾರಿಯನ್ನು ತೋರಿಸುತ್ತದೆ. ಆಕ್ಷನ್ ಕ್ಯಾಮೆರಾಗಳ ಅಗಲ ಲೆನ್ಸ್ ಅಂಚಿನಲ್ಲಿರುವ ವಸ್ತುಗಳನ್ನು ಹಿಗ್ಗಿಸಿ ವೇಗವನ್ನು ಇರುವುದಕ್ಕಿಂತ ಹೆಚ್ಚಾಗಿ ಕಾಣಿಸುವುದರಿಂದ, ದೃಶ್ಯದ ವ್ಯಾಪ್ತಿಯನ್ನು ಕಿರಿದು ಮಾಡಿಕೊಳ್ಳುವುದು ಲೇಸು. ಮೈಕಿಗೆ ಗಾಳಿತಡೆಯ ಸ್ಪಂಜು ಇರಲಿ, ಸಂಗೀತ ಇಲ್ಲದಿರಲಿ. ಚೈನಿನ ಸದ್ದು, ಗಂಟೆಯ ಸದ್ದು, ಹಾದುಹೋಗುವ ವಾಹನದ ಸದ್ದು ಕೇಳಿದರೆ ನೋಡುವವರಿಗೆ ಆ ರಸ್ತೆ ತಮ್ಮ ಅನುಭವಕ್ಕೆ ಬಂದಂತಾಗುತ್ತದೆ.

ಈಗ ನನಗೆ ನಿಜವಾಗಿ ಕಳವಳ ತರುವ ವಿಷಯಕ್ಕೆ ಬರುತ್ತೇನೆ. ಬಸ್ಸು ಮೈಸವರಿ ಹೋದದ್ದು, ನಿಂತ ಕಾರಿನ ಬಾಗಿಲು ಥಟ್ಟನೆ ತೆರೆದದ್ದು, ಚಾಲಕರೊಡನೆ ನಡೆದ ಜಗಳ, ಇಂಥ ತುಣುಕುಗಳು ವೇಗವಾಗಿ ಹರಡುತ್ತವೆಂದು ಕೆಲವು ವ್ಯಾಪಾರಿಗಳು ತಮ್ಮ ಚಾನೆಲ್‌ಗಳಲ್ಲಿ ಅವನ್ನೇ ತುಂಬುತ್ತಿದ್ದಾರೆ. ಪೊಲೀಸರಿಗೂ ನಗರಾಡಳಿತಕ್ಕೂ ಅವು ಒಳ್ಳೆಯ ಸಾಕ್ಷ್ಯ, ಅಲ್ಲಿಗೆ ಅವನ್ನು ತಲುಪಿಸಲೇಬೇಕು. ಆದರೆ ಸೈಕಲ್ ಮಾರುವವರು ದಿನವೂ ಭಯವನ್ನು ಬಿತ್ತಿದರೆ ಕೊಳ್ಳಲು ಬರುವವರು ಯಾರು? ಹಾಗೆಂದು ಅಪಾಯವನ್ನು ಮುಚ್ಚಿಡಬೇಕೆಂದು ನಾನು ಹೇಳುತ್ತಿಲ್ಲ. ಅದರಿಂದ ತಪ್ಪಿಸಿಕೊಳ್ಳುವ ಕ್ರಮವನ್ನು ತೋರಿಸಬೇಕು. ಬ್ರಿಟನ್ನಿನ ರಸ್ತೆ ನಿಯಮಗಳ ಕೈಪಿಡಿಯಾದ ಹೈವೇ ಕೋಡ್ 2022ರ ಪರಿಷ್ಕರಣೆಯಲ್ಲಿ, ನಿಂತ ವಾಹನಗಳನ್ನು ದಾಟುವಾಗ ಬಾಗಿಲಿನ ಅಗಲದಷ್ಟು ಅಥವಾ ಒಂದು ಮೀಟರ್ ಅಂತರ ಬಿಡಿ ಎಂದು ಸವಾರರಿಗೂ, ಗಂಟೆಗೆ 30 ಮೈಲಿಯವರೆಗಿನ ವೇಗದಲ್ಲಿ ಸೈಕಲನ್ನು ಹಿಂದಿಕ್ಕುವಾಗ ಕನಿಷ್ಠ 1.5 ಮೀಟರ್ ಬಿಡಿ ಎಂದು ಚಾಲಕರಿಗೂ ಹೇಳಿದೆ. ಆ ಒಂದು ಮೀಟರನ್ನು ರಸ್ತೆಯ ಮೇಲೆ ಸುಣ್ಣದಲ್ಲಿ ಗೀಚಿ, ಕಾರಿನ ಬಾಗಿಲನ್ನು ಪೂರ್ತಿ ತೆರೆದು, ಗೆರೆಯ ಆಚೆಯಿಂದ ಸೈಕಲ್ ನಿರಾತಂಕವಾಗಿ ಹಾದುಹೋಗುವುದನ್ನು ತೋರಿಸಿದರೆ ನೋಡಿದವರ ಧೈರ್ಯ ಹೆಚ್ಚುತ್ತದೆ. ರಸ್ತೆಯ ಅಂಚಿಗೆ ಅಂಟಿಕೊಂಡು ಹೋಗಬಾರದೇಕೆ ಎಂಬುದೂ ಅದರಿಂದಲೇ ತಿಳಿಯುತ್ತದೆ.

ರಿಪೇರಿಯ ವಿಡಿಯೊ ಎಂದರೆ ಅನೇಕ ಅಂಗಡಿಯವರು ಹಿಂಜರಿಯುತ್ತಾರೆ. ಪಂಕ್ಚರ್ ಹಾಕುವುದನ್ನು ನಾವೇ ಕಲಿಸಿದರೆ ಗಿರಾಕಿ ನಮ್ಮಲ್ಲಿಗೆ ಏಕೆ ಬರುತ್ತಾರೆ ಎಂಬುದು ಅವರ ಭಯ. ಈ ಭಯಕ್ಕೆ ಆಧಾರವಿಲ್ಲ ಎಂಬುದು ನನ್ನ ಅಭಿಪ್ರಾಯ. ಪಂಕ್ಚರ್ ಎಂಬ ಒಂದೇ ಕಾರಣಕ್ಕೆ ಮೂಲೆ ಸೇರಿದ ಸೈಕಲ್ಲುಗಳಿಗೆ ಲೆಕ್ಕವಿಲ್ಲ, ಮತ್ತು ಮೂಲೆ ಸೇರಿದ ಸೈಕಲ್ಲಿಗೆ ಹೊಸ ಟಯರೂ ಬೇಡ, ಬ್ರೇಕ್ ಬ್ಲಾಕೂ ಬೇಡ, ಸರ್ವಿಸೂ ಬೇಡ. ಆದ್ದರಿಂದ ನುರಿತ ಮೆಕ್ಯಾನಿಕ್ಕಿನ ಕೈಗಳನ್ನು ಹತ್ತಿರದಿಂದ ತೋರಿಸಿ. ಅವರು ಟ್ಯೂಬಿಗೆ ಗಾಳಿ ತುಂಬಿ, ಬಕೆಟ್ಟಿನ ನೀರಿನಲ್ಲಿ ಸ್ವಲ್ಪ ಸ್ವಲ್ಪವಾಗಿ ತಿರುಗಿಸುತ್ತ ಗುಳ್ಳೆ ಏಳುವ ಜಾಗವನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿಯುತ್ತಾರೆ. ಅದನ್ನು ಒರೆಸಿ, ಮರಳು ಕಾಗದದಿಂದ ಉಜ್ಜಿ, ಸಲ್ಯೂಷನ್ ಸವರುತ್ತಾರೆ. ಅಲ್ಲಿಂದ ಮುಂದೆ ಕಲಿಯುವವರು ಎಡವುವ ಘಟ್ಟ ಬರುತ್ತದೆ, ವಿಡಿಯೊ ಅಲ್ಲಿ ಓಡಬಾರದು: ಸಲ್ಯೂಷನ್ನಿನ ಹೊಳಪು ಹೋಗಿ ಮಂಕಾಗುವವರೆಗೆ ಕಾಯದೆ ಪ್ಯಾಚ್ ಅಂಟಿಸಿದರೆ ಅದು ನಿಲ್ಲುವುದಿಲ್ಲ. ಕೊನೆಗೆ ಅವರು ಟಯರಿನ ಒಳಮೈಯ ಮೇಲೆ ಬೆರಳನ್ನು ಮೆಲ್ಲಗೆ ಸುತ್ತ ಆಡಿಸಿ, ಚುಚ್ಚಿದ ಮುಳ್ಳೋ ಗಾಜಿನ ಚೂರೋ ಇನ್ನೂ ಅಲ್ಲೇ ಇದೆಯೇ ಎಂದು ಹುಡುಕುತ್ತಾರೆ, ಏಕೆಂದರೆ ಅದು ಉಳಿದಿದ್ದರೆ ಹೊಸ ಟ್ಯೂಬ್ ಹಾಕಿದರೂ ಮತ್ತೆ ಪಂಕ್ಚರ್ ಆಗುವುದು ಖಚಿತ. ಇಷ್ಟನ್ನು ತಾಳ್ಮೆಯಿಂದ ಕಲಿಸಿದ ಅಂಗಡಿಯ ಹೆಸರು ನೋಡಿದವರ ನೆನಪಿನಲ್ಲಿ ಉಳಿಯುತ್ತದೆ, ಮತ್ತು ಗೇರ್ ಹೊಂದಿಸುವುದೋ ಚಕ್ರದ ಕಡ್ಡಿ ಬಿಗಿದು ಓರೆ ತೆಗೆಯುವುದೋ ಬಂದಾಗ ಅವರು ಅಲ್ಲಿಗೇ ಹೋಗುತ್ತಾರೆ.

ಆಕರ್ಷಕ ವಿಡಿಯೊದ ಬಲವೂ ಅದರ ಮಿತಿಯೂ ಒಟ್ಟಿಗೆ ಕಂಡದ್ದು ನೆದರ್ಲೆಂಡ್ಸ್‌ನ ಎಲೆಕ್ಟ್ರಿಕ್ ಸೈಕಲ್ ಕಂಪನಿ ವ್ಯಾನ್‌ಮೂಫ್‌ನ ಕಥೆಯಲ್ಲಿ. 2020ರಲ್ಲಿ ಅದು ತಯಾರಿಸಿದ ಜಾಹೀರಾತಿನಲ್ಲಿ ಕಪ್ಪು ಕಾರಿನ ಹೊಳೆಯುವ ಮೈಮೇಲೆ ಕಾರ್ಖಾನೆಯ ಹೊಗೆ, ಅಪಘಾತ, ವಾಹನ ದಟ್ಟಣೆ ಪ್ರತಿಬಿಂಬಿಸಿ, ಕೊನೆಗೆ ಕಾರು ಕರಗಿ ಸೈಕಲ್ ಕಾಣಿಸುತ್ತದೆ. ಇದು ಕಾರು ಉದ್ಯಮಕ್ಕೆ ಕೆಟ್ಟ ಹೆಸರು ತರುತ್ತದೆ, ಆತಂಕ ಹುಟ್ಟಿಸುತ್ತದೆ ಎಂದು ಫ್ರಾನ್ಸಿನ ಜಾಹೀರಾತು ಸ್ವನಿಯಂತ್ರಣ ಸಂಸ್ಥೆ ಎಆರ್‌ಪಿಪಿ ಟಿ.ವಿ. ಪ್ರಸಾರಕ್ಕೆ ಒಪ್ಪಲಿಲ್ಲ. ಆ ನಿರಾಕರಣೆಯೇ ಸುದ್ದಿಯಾಗಿ ಜನ ಅದನ್ನು ಅಂತರ್ಜಾಲದಲ್ಲಿ ಹುಡುಕಿ ನೋಡಿದರು. ಆದರೆ 2023ರ ಜುಲೈನಲ್ಲಿ ಕಂಪನಿ ದಿವಾಳಿಯಾಯಿತು. ಸೈಕಲ್ಲಿನ ಬೀಗ ತೆಗೆಯುವುದೂ ಮೊಬೈಲ್ ಆ್ಯಪ್‌ಗೆ ಹೊಂದಿಕೊಂಡಿತ್ತು, ಬಿಡಿಭಾಗಗಳಲ್ಲಿ ಹಲವು ಆ ಕಂಪನಿಗೇ ವಿಶಿಷ್ಟವಾಗಿದ್ದವು, ಹಾಗಾಗಿ ಕೊಂಡವರು ಕಂಗಾಲಾದರು. ದಿನನಿತ್ಯದ ಓಡಾಟಕ್ಕೆ ಸೈಕಲ್ ನಂಬಿದವರಿಗೆ ಒಂದು ವಾರ ಅದು ನಿಂತರೆ ಕೆಲಸಕ್ಕೆ ಹೋಗುವ ದಾರಿಯೇ ನಿಂತಂತೆ. ರಿಪೇರಿ ಎಲ್ಲಿ, ಎಷ್ಟು ದಿನ, ಬಿಡಿಭಾಗ ಬೇರೆ ಅಂಗಡಿಯಲ್ಲಿ ಸಿಗುತ್ತದೆಯೇ ಎಂಬುದನ್ನು ಮಾರುವ ಮೊದಲೇ ವಿಡಿಯೊದಲ್ಲಿ ಹೇಳುವ ವ್ಯಾಪಾರಿಯನ್ನು ನಾನು ಹೆಚ್ಚು ಗೌರವಿಸುತ್ತೇನೆ.

ಎಲೆಕ್ಟ್ರಿಕ್ ಸೈಕಲ್ಲಿನ ಬ್ಯಾಟರಿ ಎಷ್ಟು ದೂರ ಬರುತ್ತದೆ ಎಂಬ ವಿಷಯದಲ್ಲೂ ಇಂಥದೇ ಪ್ರಾಮಾಣಿಕತೆ ಬೇಕು. ಸಮತಟ್ಟಾದ ರಸ್ತೆ, ಹಗುರ ಸವಾರ, ಮೋಟಾರಿನ ಕನಿಷ್ಠ ನೆರವು ಇವುಗಳ ಮೇಲೆ ಲೆಕ್ಕ ಹಾಕಿದ ದೂರ ಏರುದಾರಿಯಲ್ಲಿ, ಎದುರುಗಾಳಿಯಲ್ಲಿ, ಚಳಿಯಲ್ಲಿ, ಹೊರೆ ಹೊತ್ತಾಗ ಸಾಕಷ್ಟು ಕುಗ್ಗುತ್ತದೆ. ಪೂರ್ತಿ ಚಾರ್ಜಿನಿಂದ ಬ್ಯಾಟರಿ ಬರಿದಾಗುವವರೆಗೆ ಮಾಮೂಲಿ ದಾರಿಯಲ್ಲಿ ಓಡಿಸಿ, ಸವಾರರ ತೂಕವನ್ನೂ ಹೊರೆಯನ್ನೂ ಪರದೆಯ ಮೇಲೆ ಬರೆದು ತೋರಿಸಿದರೆ ಕೊಳ್ಳುವವರು ತಮ್ಮ ಲೆಕ್ಕವನ್ನು ತಾವೇ ಹಾಕಿಕೊಳ್ಳುತ್ತಾರೆ. ಹಣ ಪಡೆದೋ ಸೈಕಲನ್ನು ಉಚಿತವಾಗಿ ಪಡೆದೋ ಬೇರೊಬ್ಬರು ಹೊಗಳುತ್ತಿದ್ದರೆ, ಆ ಸಂಗತಿ ಆರಂಭದಲ್ಲೇ ಬಾಯಿಬಿಟ್ಟು ಹೇಳಿದ್ದಾಗಿರಬೇಕು. ವಿವರಣೆಯ ಕೊನೆಯ ಸಾಲಿನಲ್ಲಿ ಅಡಗಿಸಿಟ್ಟರೆ ಅದು ನೋಡುಗರಿಗೆ ಮಾಡಿದ ಮೋಸ.

ಉಳಿದದ್ದು ಚಿಕ್ಕಪುಟ್ಟ ವಿಷಯ. ಸದ್ದು ತೆಗೆದು ನೋಡುವವರಿಗಾಗಿ ಮಾತುಗಳನ್ನು ಪರದೆಯ ಮೇಲೆ ಬರೆಯಿರಿ, ಶೀರ್ಷಿಕೆಯಲ್ಲಿ ಜನ ಹುಡುಕುವ ಪ್ರಶ್ನೆಯನ್ನೇ ಇಡಿ. ಯೂಟ್ಯೂಬ್ ಶಾರ್ಟ್ಸ್ ಈಗ ಮೂರು ನಿಮಿಷದವರೆಗೆ ಇರಬಹುದಾದ್ದರಿಂದ ಸಣ್ಣ ಪಾಠವೊಂದಕ್ಕೆ ಅಷ್ಟು ಸಾಕು. ಎಷ್ಟು ಜನ ನೋಡಿದರು ಎಂಬ ಅಂಕಿಯನ್ನು ಮಾತ್ರ ಬಹಳ ಹಚ್ಚಿಕೊಳ್ಳಬೇಡಿ. ಅಂಗಡಿಗೆ ಬಂದವರು ಯಾವ ಪ್ರಶ್ನೆ ಹೊತ್ತು ಬಂದರು ಎಂಬುದನ್ನು ಗಲ್ಲಾಪೆಟ್ಟಿಗೆಯ ಪಕ್ಕದ ಪುಸ್ತಕದಲ್ಲಿ ಬರೆದಿಡಿ, ಮುಂದಿನ ವಿಡಿಯೊದ ವಿಷಯ ಅಲ್ಲೇ ಸಿಗುತ್ತದೆ. ಬೀಗದ ಬಗ್ಗೆ ಮತ್ತೆ ಮತ್ತೆ ಕೇಳುತ್ತಿದ್ದರೆ, ಮುಂದಿನ ಚಕ್ರಕ್ಕೆ ಮಾತ್ರ ಬೀಗ ಹಾಕಿದ ಸೈಕಲನ್ನು ಚಕ್ರ ಅಲ್ಲೇ ಉಳಿಸಿ ಎಷ್ಟು ಸುಲಭವಾಗಿ ಒಯ್ಯಬಹುದೆಂದು ಮೊದಲು ತೋರಿಸಿ. ಬಳಿಕ ಫ್ರೇಮನ್ನೂ ಹಿಂದಿನ ಚಕ್ರವನ್ನೂ ಒಟ್ಟಿಗೆ ಹಿಡಿದು ನೆಲಕ್ಕೆ ಭದ್ರವಾಗಿ ಹೂತ ಕಂಬಕ್ಕೆ ಬೀಗ ಹಾಕುವ ಕ್ರಮವನ್ನು, ಬೀಗದ ಒಳಗೆ ಖಾಲಿ ಜಾಗ ಆದಷ್ಟು ಕಡಿಮೆ ಉಳಿಯುವಂತೆ, ನಿಧಾನವಾಗಿ ಎರಡು ಸಲ ಮಾಡಿ ತೋರಿಸಿ.