ಮೊದಲು ಮಾಳಿಗೆ, ಆಮೇಲೆ ಎಸಿ

ಕೇಳುಗರಿಗೆ ನಮಸ್ಕಾರ.

ರಾಯಚೂರಿನ ಬಿಸಿಲಿನ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಏಪ್ರಿಲ್ ಬಂತೆಂದರೆ 40 ಡಿಗ್ರಿ ದಾಟುತ್ತದೆ, ಎಸಿ ಅಂಗಡಿಗಳಲ್ಲಿ ಜನ ಜಾಸ್ತಿಯಾಗುತ್ತಾರೆ. ಕೊಳ್ಳುವುದು ತಪ್ಪಲ್ಲ. ಆದರೆ ದುಡ್ಡು ಕೊಡುವ ಮುಂಚೆ ಒಂದು ಕೆಲಸ ಮಾಡಿ. ರಾತ್ರಿ ಒಂಬತ್ತರ ಹೊತ್ತಿಗೆ ಫ್ಯಾನ್ ಆರಿಸಿ, ಸ್ಟೂಲ್ ಹತ್ತಿ, ಮೇಲಿನ ಆರ್‌ಸಿಸಿಗೆ ಅಂಗೈ ಇಟ್ಟು ನೋಡಿ. ಹೊತ್ತು ಮುಳುಗಿ ಎರಡು ತಾಸಾದರೂ ಬೆಚ್ಚಗೇ ಇರುತ್ತದೆ. ಹಗಲೆಲ್ಲ ಕಾದ ಸ್ಲ್ಯಾಬ್ ರಾತ್ರಿ ಆ ಕಾವನ್ನು ನಮ್ಮ ಮೇಲೆ ಬಿಡುತ್ತದೆ. ಫ್ಯಾನ್ ಆ ಬಿಸಿ ಗಾಳಿಯನ್ನೇ ತಿರುಗಿಸುತ್ತದೆ. ಎಸಿ ಅದರ ಜತೆ ಬೆಳಗಿನ ತನಕ ಗುದ್ದಾಡುತ್ತದೆ.

ನಮ್ಮ ಹಿರಿಯರ ಮಣ್ಣಿನ ಮಾಳಿಗೆ ಮನೆಗಳಲ್ಲಿ ಈ ಕಾಟ ಕಡಿಮೆ ಇತ್ತು. ದಪ್ಪ ಗೋಡೆ, ಜಂತೆಯ ಮೇಲೆ ದಪ್ಪನೆಯ ಮಣ್ಣು, ಬಿಸಿ ಗಾಳಿ ಹೊರಗೆ ಹೋಗಲು ಗವಾಕ್ಷಿ. ಹಾಗಂತ ಈಗ ಅಂಥ ಮನೆ ಕಟ್ಟಿ ಎನ್ನುವುದಿಲ್ಲ. ಮಳೆಗೆ ಸೋರುವ ಮಾಳಿಗೆಗೆ ವರ್ಷಾ ವರ್ಷಾ ಮಣ್ಣು ಹಾಕುವವರು ಯಾರು?

ಇರುವ ಆರ್‌ಸಿಸಿಗೇ ಬಿಳಿ ಬಣ್ಣ ಬಳಿಯಬಹುದು. ಬಿಳಿ ಮೈ ಬಿಸಿಲನ್ನು ಹೀರದೆ ಹೆಚ್ಚಿನ ಪಾಲನ್ನು ವಾಪಸ್ ಕಳಿಸುತ್ತದೆ. ಕೂಲ್ ರೂಫ್ ಪೇಂಟ್ ಅಂತ ಸಿಗುತ್ತದೆ, ಬೆಲೆ ತುಸು ಜಾಸ್ತಿ. ಸುಣ್ಣವೂ ನಡೆಯುತ್ತದೆ, ಮಳೆಗೆ ತೊಳೆದು ಹೋಗುತ್ತದೆ ಅಷ್ಟೇ. ಯುಗಾದಿಗೆ ಗೋಡೆಗೆ ಸುಣ್ಣ ಹೊಡೆಸುವವರು ಅದೇ ಬಕೆಟ್ ಮಾಳಿಗೆಗೂ ಒಯ್ಯಿರಿ. ಬಳಿಯುವ ಮುಂಚೆ ಚೆನ್ನಾಗಿ ಗುಡಿಸಿ ತೊಳೆಯಬೇಕು. ನಮ್ಮ ಊರಿನ ಧೂಳು ಕೂತರೆ ಬಿಳಿ ಕೆಂಪಗಾಗುತ್ತದೆ, ನಡುನಡುವೆ ಒಮ್ಮೆ ನೀರು ಹಾಕಿ ಉಜ್ಜಿ.

ಈಗ ಲೆಕ್ಕಕ್ಕೆ ಬರೋಣ. ಒಂದೂವರೆ ಟನ್ ಎಸಿ ಗಂಟೆಗೆ ಒಂದೇ ಯೂನಿಟ್ ತಿನ್ನುತ್ತದೆ ಅಂತ ಹಿಡಿಯಿರಿ. ರಾತ್ರಿ ಎಂಟು ಗಂಟೆ ಓಡಿದರೆ ತಿಂಗಳಿಗೆ 240 ಯೂನಿಟ್. ಗೃಹಜ್ಯೋತಿಯಲ್ಲಿ 200 ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕಲ್ವಾ? ಎಸಿ ಇದ್ದವರು 24ರ ಕೆಳಗೆ ಇಳಿಸಬೇಡಿ. ಒಂದು ಡಿಗ್ರಿ ಏರಿಸಿದರೆ ಸುಮಾರು ನೂರಕ್ಕೆ ಆರರಷ್ಟು ಕರೆಂಟ್ ಉಳಿಯುತ್ತದೆ ಅಂತ ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ.

ಫ್ಯಾನ್ ಮಾತ್ರ ಇರುವ ಮನೆಗಳಲ್ಲೂ ಉಳಿತಾಯಕ್ಕೆ ದಾರಿ ಇದೆ. ಹಳೆಯ ಫ್ಯಾನ್ 75 ವ್ಯಾಟ್ ಎಳೆದರೆ, ಬೇರೆ ಬಗೆಯ ಮೋಟರಿರುವ ಹೊಸ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸಿನಲ್ಲೇ ಅಷ್ಟೇ ಗಾಳಿ ಕೊಡುತ್ತದೆ. ಮೂರು ಫ್ಯಾನ್ ದಿನಕ್ಕೆ 16 ಗಂಟೆ ತಿರುಗುವ ಮನೆಯಲ್ಲಿ ತಿಂಗಳಿಗೆ ಸುಮಾರು 65 ಯೂನಿಟ್ ಮಿಕ್ಕುತ್ತದೆ. ಈ ಕರೆಂಟ್ ಎಲ್ಲಿಂದಲೋ ಬರುವುದಲ್ಲ. ಪಕ್ಕದ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಅದರ ಬೂದಿಯೂ ನಮ್ಮ ಜಿಲ್ಲೆಯಲ್ಲೇ ಬೀಳುತ್ತದೆ.

ನನ್ನನ್ನು ಕೇಳಿದರೆ ನಮ್ಮ ಕಡೆಗೆ ಎಸಿಗಿಂತ ಕೂಲರೇ ವಾಸಿ. ನಮ್ಮ ಬೇಸಿಗೆ ಒಣ ಬೇಸಿಗೆ, ಒಣ ಗಾಳಿಯಲ್ಲಿ ನೀರು ಬೇಗ ಆವಿಯಾಗಿ ತಂಪು ಕೊಡುತ್ತದೆ. ಆದರೆ ಸುಮಾರು ಮನೆಗಳಲ್ಲಿ ಕಿಟಕಿ, ಬಾಗಿಲು ಎಲ್ಲ ಮುಚ್ಚಿ ಕೂಲರ್ ಹಾಕುತ್ತಾರೆ. ಅರ್ಧ ಗಂಟೆಗೆ ಕೋಣೆಯೆಲ್ಲ ತೇವ, ಮೈಯೆಲ್ಲ ಅಂಟಂಟು. ಆಮೇಲೆ ಕೂಲರ್ ಸರಿಯಿಲ್ಲ ಅಂತ ಬೈಗುಳ. ಕೂಲರನ್ನು ಕಿಟಕಿಗೆ ಹೊರಗಿನ ಗಾಳಿ ಎಳೆಯುವ ಹಾಗೆ ಇಡಿ, ಎದುರಿನ ಕಿಟಕಿಯನ್ನು ಅರ್ಧ ತೆರೆದಿಡಿ. ಮಳೆಗಾಲ ಶುರುವಾದ ಮೇಲೆ ಅದರ ನೀರು ಚೆಲ್ಲಿ, ಹುಲ್ಲಿನ ಪ್ಯಾಡ್ ಒಣಗಿಸಿ ಎತ್ತಿಡಿ, ಇಲ್ಲದಿದ್ದರೆ ಸೊಳ್ಳೆ ಸಾಕಿದಂತಾಗುತ್ತದೆ.

ನಮಸ್ಕಾರ.