ಹಿಂಬದಿ ಜೆಟ್ಟಿ: ಮಾಲ್ಡೀವ್ಸ್‌ಗೆ ಸೋಂಕು ಯಾವ ದಾರಿಯಲ್ಲಿ ಬರುತ್ತದೆ?

[ಪರದೆ ಮೇಲೆ: ನೀಲಿ ನೀರು, ಮರದ ಕಾಲುದಾರಿ, ನೀರಿನ ಮೇಲಿನ ವಿಲ್ಲಾಗಳು]

ಈ ಫೋಟೋ ನೀವು ನೂರು ಸಲ ನೋಡಿರುತ್ತೀರಿ. ಯಾರಾದರೂ ನೆಂಟರ ಹನಿಮೂನ್ ಸ್ಟೇಟಸ್‌ನಲ್ಲಿ ಗ್ಯಾರಂಟಿ ನೋಡಿರುತ್ತೀರಿ. ಆದರೆ ದ್ವೀಪದ ಹಿಂಬದಿಯಲ್ಲಿ ಸರಕು ಇಳಿಸುವ ಜೆಟ್ಟಿ, ಅಂದರೆ ದೋಣಿ ಕಟ್ಟೆ ಒಂದಿರುತ್ತದೆ. ಅದರ ಫೋಟೋ ಯಾರೂ ಹಾಕುವುದಿಲ್ಲ. ತರಕಾರಿ, ಗ್ಯಾಸ್ ಸಿಲಿಂಡರ್, ರಜೆ ಮುಗಿಸಿ ಬ್ಯಾಗ್ ಹೆಗಲಿಗೇರಿಸಿಕೊಂಡು ಬಂದ ಅಡುಗೆಯವರು, ರೂಮ್ ಬಾಯ್‌ಗಳು, ಎಲ್ಲ ಇಳಿಯುವುದು ಅಲ್ಲಿ. ಇವತ್ತು ಆ ಕಡೆಯಿಂದ ನೋಡೋಣ.

2020ರ ಮಾರ್ಚ್ 7. ಮಾಲ್ಡೀವ್ಸ್‌ನಲ್ಲಿ ಮೊದಲ ಎರಡು ಕೋವಿಡ್ ಕೇಸ್ ಸಿಕ್ಕವು. ರಾಜಧಾನಿ ಮಾಲೆಯ ಸಂದಿಗೊಂದಿಯಲ್ಲಿ ಸಿಕ್ಕಿದ್ದರೆ ಯಾರಿಗೂ ಆಶ್ಚರ್ಯ ಇರಲಿಲ್ಲ. ಸಿಕ್ಕಿದ್ದು ಕುರೆದು ಎಂಬ ರೆಸಾರ್ಟ್ ದ್ವೀಪದಲ್ಲಿ. ಇಬ್ಬರೂ ಅಲ್ಲಿ ಕೆಲಸಕ್ಕಿದ್ದವರು. ಅಲ್ಲಿ ತಂಗಿದ್ದ ಇಟಲಿಯ ಪ್ರವಾಸಿಯೊಬ್ಬರಿಗೆ ಊರಿಗೆ ಹೋದ ಮೇಲೆ ಪಾಸಿಟಿವ್ ಬಂದಿತ್ತು. ಅತಿಥಿ ವಿಮಾನ ಹತ್ತಿ ಹೋದರು, ಸೋಂಕು ಕೆಲಸದವರ ಮೈಯಲ್ಲಿ ಉಳಿಯಿತು.

[ನಕ್ಷೆ: ಮೇಲೆ ಲಕ್ಷದ್ವೀಪ, ಕೆಳಗೆ ಮಾಲ್ಡೀವ್ಸ್]

ಹಾಗಾದರೆ ಬಾಗಿಲು ಹಾಕಿಬಿಡಬಹುದಲ್ವಾ? ಪಕ್ಕದ ಲಕ್ಷದ್ವೀಪ ಹಾಗೇ ಮಾಡಿತು. ಇಡೀ 2020ರಲ್ಲಿ ಅಲ್ಲಿ ಒಂದೇ ಒಂದು ಕೇಸ್ ಇರಲಿಲ್ಲ. ಹಡಗು ಹತ್ತುವ ಮುಂಚೆ ಕೊಚ್ಚಿಯಲ್ಲಿ ಕ್ವಾರಂಟೈನ್ ಮುಗಿಸಬೇಕಿತ್ತು. ನಮ್ಮ ಮಂಗಳೂರಿನ ಹಳೇ ಬಂದರಿಗೂ ಆ ದ್ವೀಪಗಳಿಗೂ ಹಳೇ ನಂಟು. ಅಕ್ಕಿ, ಈರುಳ್ಳಿ, ಸಿಮೆಂಟು ಹೇರಿಕೊಂಡು ಮಂಜಿಗಳು, ಅಂದರೆ ಮರದ ಸರಕು ಹಡಗುಗಳು, ಹೊರಡುವುದು ಅಲ್ಲಿಂದ. ಸಾಮಾನು ಬೇಕು, ಜನ ಸದ್ಯಕ್ಕೆ ಬೇಡ ಅಂತ ಹೇಳುವುದು ಲಕ್ಷದ್ವೀಪಕ್ಕೆ ಆಗುತ್ತಿತ್ತು. ಡಿಸೆಂಬರ್ ಕೊನೆಗೆ ಕ್ವಾರಂಟೈನ್ ತೆಗೆದು ನೆಗೆಟಿವ್ ರಿಪೋರ್ಟ್ ಇದ್ದರೆ ಸಾಕು ಅಂದರು. 2021ರ ಜನವರಿ 18ಕ್ಕೆ ಮೊದಲ ಕೇಸ್ ಬಂತು. ಒಂದು ತಿಂಗಳೂ ಹಿಡಿಯಲಿಲ್ಲ ನೋಡಿ.

ಮಾಲ್ಡೀವ್ಸ್‌ಗೆ ಆ ಐಷಾರಾಮ ಇರಲಿಲ್ಲ. ಅವರ ಅನ್ನ ಬರುವುದೇ ಆ ಬಾಗಿಲಿನಿಂದ. 2019ರಲ್ಲಿ ಅಲ್ಲಿಗೆ ಬಂದ ಪ್ರವಾಸಿಗರು 17 ಲಕ್ಷ. ದೇಶದ ಜನಸಂಖ್ಯೆ ಸುಮಾರು 5 ಲಕ್ಷ! 2020ರ ಮಾರ್ಚ್ 27ಕ್ಕೆ ವೀಸಾ ನಿಲ್ಲಿಸಿದರು, ಆ ವರ್ಷ ದೇಶದ ಆರ್ಥಿಕತೆ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಕುಸಿಯಿತು. ಜುಲೈ 15ಕ್ಕೆ ಮತ್ತೆ ತೆರೆದರು. ಮೊದಲು ಟೆಸ್ಟ್ ಕೂಡ ಕೇಳಲಿಲ್ಲ. ಸೆಪ್ಟೆಂಬರ್ 10ರಿಂದ 72 ಗಂಟೆ ಒಳಗಿನ ನೆಗೆಟಿವ್ ರಿಪೋರ್ಟ್ ಕಡ್ಡಾಯವಾಯಿತು. ನನ್ನನ್ನು ಕೇಳಿದರೆ ಆ ರಿಪೋರ್ಟ್ ಜುಲೈನಲ್ಲೇ ಕೇಳಬೇಕಿತ್ತು. ಆದರೆ ಹೊಟ್ಟೆ ಖಾಲಿ ಇದ್ದವರಿಗೆ ಬೆಂಗಳೂರಲ್ಲಿ ಕೂತು ಬುದ್ಧಿ ಹೇಳುವುದು ಸುಲಭ.

ಅವರ ಕೈಯಲ್ಲಿ ಒಂದು ಒಳ್ಳೆ ಇಸ್ಪೀಟ್ ಎಲೆ ಇತ್ತು. ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್. ಸುತ್ತ ಸಮುದ್ರ, ಬೇರೆ ಊರಿಲ್ಲ, ಸಂತೆಯಿಲ್ಲ. ಅತಿಥಿಗೆ ಜ್ವರ ಬಂದರೂ ಆ ದ್ವೀಪದಲ್ಲೇ ತಡೆಯಬಹುದು. ಕಾಗದದ ಮೇಲೆ ಭಾರೀ ಚಂದ ಇದೆ.

[ದೃಶ್ಯ: ಮಾಲೆ, ಮೇಲಿನಿಂದ. ಇಟ್ಟಿಗೆ ಜೋಡಿಸಿದ ಹಾಗೆ ಮನೆಗಳು]

ಆದರೆ ರೂಮ್ ಬಾಯ್‌ಗೆ ರಜೆ ಬರುತ್ತದೆ. ಅವನು ಮಾಲೆಗೆ ಹೋಗುತ್ತಾನೆ, ಅಲ್ಲಿ ಕೆಲವು ಮನೆಗಳಲ್ಲಿ ಸರದಿ ಮೇಲೆ ಮಲಗುವಷ್ಟು ಜನ. 2021ರ ಏಪ್ರಿಲ್‌ನಲ್ಲಿ ಸ್ಥಳೀಯ ಚುನಾವಣೆ ಬಂತು, ಅದರ ಬೆನ್ನಿಗೇ ರಂಜಾನ್. ಮನೆ ತುಂಬ ನೆಂಟರು. ಮೇನಲ್ಲಿ ದಿನಕ್ಕೆ ಸಾವಿರಕ್ಕೂ ಜಾಸ್ತಿ ಕೇಸ್, ಮೇ 13ರಿಂದ ಭಾರತವೂ ಸೇರಿ ದಕ್ಷಿಣ ಏಷ್ಯಾದ ಪ್ರವಾಸಿಗರಿಗೆ ಬಾಗಿಲು ಬಂದ್. ಅಷ್ಟು ಹೊತ್ತಿಗೆ ಅವರ ದೊಡ್ಡ ಗಿರಾಕಿ ನಾವೇ ಆಗಿದ್ದೆವು, ಗೊತ್ತಲ್ಲ.

ಹಾಗಾಗಿ ಕೋವಿಡ್ ಇರಲಿ, ಫ್ಲೂ ಇರಲಿ, ಮುಂದೆ ಬರುವ ಯಾವುದೋ ಹೊಸ ವೈರಸ್ ಇರಲಿ, ವಿಮಾನ ನಿಲ್ದಾಣದ ಥರ್ಮಾಮೀಟರ್ ಮೇಲೆ ನನಗೆ ಹೆಚ್ಚು ನಂಬಿಕೆ ಇಲ್ಲ. ಸೋಂಕು ತಗಲಿ ಜ್ವರ ಏರುವ ಮುಂಚೆಯೇ ಎಷ್ಟೋ ಜನ ಅದನ್ನು ಹಂಚಬಲ್ಲರು. ನಾನು ನೋಡುವುದು ಸ್ಟಾಫ್ ಕ್ವಾರ್ಟರ್ಸ್ ಕಡೆ. ಒಂದು ಕೋಣೆಯಲ್ಲಿ ಎಷ್ಟು ಮಂಚ? ಕಿಟಕಿ ತೆರೆಯುತ್ತದಾ, ಇಲ್ಲ ಎಸಿ ಹಾಕಿ ಸೀಲ್ ಮಾಡಿದ್ದಾರಾ? ರಜೆಯಿಂದ ಬಂದವನನ್ನು ಟೆಸ್ಟ್ ಮಾಡದೆ ನೇರ ಬಫೆ ಕೌಂಟರ್‌ಗೆ ನಿಲ್ಲಿಸುತ್ತಾರಾ?

ಇನ್ನೊಂದು ಪ್ರಶ್ನೆ ದುಡ್ಡಿನದು. ಬೆಳಿಗ್ಗೆ ಎದ್ದಾಗ ರೂಮ್ ಬಾಯ್‌ಗೆ ಗಂಟಲು ಕೆರೆಯುತ್ತಿದೆ ಅಂದುಕೊಳ್ಳಿ. ಹೇಳಿದರೆ ಐದಾರು ದಿನ ಕೋಣೆಯಲ್ಲಿ ಕೂರಬೇಕು. ಸಂಬಳ ಬಂದರೂ ಟಿಪ್ಸ್ ಇಲ್ಲ, ಸರ್ವಿಸ್ ಚಾರ್ಜ್ ಪಾಲು ಸಿಗುತ್ತದೋ ಇಲ್ಲವೋ. ಊರಲ್ಲಿ ಮಗಳ ಫೀಸ್ ಕಟ್ಟಬೇಕು. ಅವನು ಏನು ಮಾಡುತ್ತಾನೆ? ಒಂದು ಪ್ಯಾರಾಸಿಟಮಾಲ್ ನುಂಗಿ, ಟ್ರಾಲಿ ತಳ್ಳಿಕೊಂಡು ಮೊದಲ ವಿಲ್ಲಾ ಬಾಗಿಲು ತಟ್ಟುತ್ತಾನೆ. ನಾನಾದರೂ ಅದನ್ನೇ ಮಾಡುತ್ತಿದ್ದೆ. ಆ ಐದಾರು ದಿನದ ಪೂರ್ತಿ ದುಡ್ಡು ಕೊಡುವುದು ರೆಸಾರ್ಟ್‌ಗೆ ಒಂದು ವಿಲ್ಲಾದ ಒಂದೆರಡು ರಾತ್ರಿಯ ಬಾಡಿಗೆಗಿಂತ ಜಾಸ್ತಿ ಆಗಲಿಕ್ಕಿಲ್ಲ.

ಲಸಿಕೆಯಲ್ಲಿ ಮಾತ್ರ ಅವರು ಚುರುಕಾಗಿದ್ದರು. ಭಾರತ ಕಳಿಸಿದ ಕೋವಿಶೀಲ್ಡ್‌ನಿಂದ 2021ರ ಫೆಬ್ರವರಿ 1ಕ್ಕೆ ಶುರು ಮಾಡಿ, ರೆಸಾರ್ಟ್ ಕೆಲಸದವರಿಗೂ ಬೇಗ ಬೇಗ ಕೊಟ್ಟರು. ಮೇ ತಿಂಗಳ ಪೆಟ್ಟು ತಿಂದೂ ಆ ವರ್ಷ 13 ಲಕ್ಷ ಪ್ರವಾಸಿಗರು ಬಂದರು.

[ದೃಶ್ಯ: ಸ್ಪೀಡ್‌ಬೋಟ್, ಗಾಜು ಮುಚ್ಚಿದ ಕ್ಯಾಬಿನ್]

ನೀವು ಹೋಗುವವರಿದ್ದರೆ? ಕೆಮ್ಮು ಇದ್ದರೆ ಬೋಟ್ ಹತ್ತುವ ಮುಂಚೆಯೇ ಹೇಳಿ, ಮಾಸ್ಕ್ ಹಾಕಿ. ಚೆಕೌಟ್ ಮಾಡುವಾಗ ವಿಲ್ಲಾದ ಬಾಗಿಲು ಕಿಟಕಿ ತೆರೆದಿಟ್ಟು ಬನ್ನಿ, ಹಾಸಿಗೆ ಬಟ್ಟೆ ತೆಗೆಯಲು ಬರುವವನು ನಿಮ್ಮ ಉಸಿರು ಕುಡಿಯುವುದು ಬೇಡ. ಬೋಟ್‌ನಲ್ಲಿ ಎಸಿ ಕ್ಯಾಬಿನ್ ಬಿಟ್ಟು ಹಿಂದಿನ ತೆರೆದ ಸೀಟಲ್ಲಿ ಕೂರಿ. ಸ್ವಲ್ಪ ಉಪ್ಪುನೀರು ಹಾರುತ್ತದೆ, ಹಾರಲಿ. ಅದೃಷ್ಟ ಇದ್ದರೆ ಡಾಲ್ಫಿನ್ ಕಾಣುವುದೂ ಅಲ್ಲಿಂದಲೇ.